ಏಪ್ರಿಲ್‌ನ ಎರಡನೇ ಭಾನುವಾರ

ಕಾಗದಕ್ಕೆ ಏನೆಂದು ತಲೆಬರಹ ಕೊಡಬೇಕು ಎಂದು ಯೋಚಿಸುವುದರಲ್ಲೇ ಒಂದು ಮಧ್ಯಾಹ್ನ ಕಳೆದುಹೋಯಿತು. ‘ಬೇಟೆ’ ಎಂದು ಬರೆಯುವ ಹಾಗಿರಲಿಲ್ಲ. ಕಾನೂನಿನಲ್ಲಿ ಮೊಲ ಹೊಡೆಯುವುದಕ್ಕೂ ಅವಕಾಶವಿಲ್ಲ. ಅದನ್ನು ತಡೆಯುವುದಕ್ಕೇ ನನಗೆ ಸಂಬಳ. ಕೊನೆಗೆ ‘ಗುಡ್ಡ ಸುತ್ತುವ ಆಚರಣೆ ಕುರಿತು ಗ್ರಾಮಸ್ಥರ ಒಪ್ಪಿಗೆ ಪತ್ರ’ ಎಂದು ಬರೆದೆ. ಅದನ್ನು ಓದಿ ಹೇಳಿದಾಗ ಊರಿನ ಹಿರಿಯರು ನಕ್ಕರು, ನಾನೂ ನಕ್ಕೆ. ಆ ನಗು ನೆನಪಾದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಆಗ ನಾನು ಕೂಡ್ಲಿಗಿ ತಾಲ್ಲೂಕಿನಲ್ಲಿ, ಗುಡೇಕೋಟೆಯಿಂದ ಆಚೆಗಿನ ಕುರುಚಲು ಗುಡ್ಡಗಳ ಒಂದು ಗಸ್ತಿಗೆ ಅರಣ್ಯ ರಕ್ಷಕಿ. ಅಲ್ಲಿ ಗುಡ್ಡವೆಂದರೆ ಬಂಡೆಯ ಮೇಲೆ ಬಂಡೆ ಒಟ್ಟಿದ್ದು, ನಡುನಡುವೆ ಕಾರೆ, ಕವಳೆ, ಬಾರೆ ಗಿಡಗಳು. ಬಂಡೆಗಳ ಸಂದಿಗಳೇ ಕರಡಿಗಳ ಮನೆ. ಹಗಲೆಲ್ಲ ಅಲ್ಲಿನ ತಂಪಿನಲ್ಲಿ ಮಲಗಿ, ಬಿಸಿಲಿಳಿದ ಮೇಲೆ ಗೆದ್ದಲು, ಹಣ್ಣು, ಶೇಂಗಾ ಹೊಲ ಹುಡುಕಿಕೊಂಡು ಇಳಿಯುತ್ತವೆ. ಅವುಗಳ ಹೊತ್ತಿಗೆ ಊರಿನವರು ಗುಡ್ಡಕ್ಕೆ ಹೋಗುತ್ತಿರಲಿಲ್ಲ, ಊರಿನವರ ಹೊತ್ತಿಗೆ ಅವು ಹೊರಗೆ ಬರುತ್ತಿರಲಿಲ್ಲ. ವರ್ಷಕ್ಕೊಮ್ಮೆ, ಯುಗಾದಿಯಾದ ಮೂರನೇ ದಿನ ಮಾತ್ರ ಈ ಹೊಂದಾಣಿಕೆ ಮುರಿಯುತ್ತಿತ್ತು.

ಆ ದಿನ ಊರಿನ ಗಂಡಸರೆಲ್ಲ ತಮಟೆಯಂಥ ಹಲಗೆ ಬಡಿಯುತ್ತ ಗುಡ್ಡ ಹತ್ತಿ, ಪಡುವಣದಿಂದ ಮೂಡಣಕ್ಕೆ ಸಾಲು ಹಿಡಿದು ಇಳಿಯುವುದು ಪದ್ಧತಿ. ಹೊಸ ವರ್ಷದ ಬೇಟೆ. ಮೊಲವೋ ಹಂದಿಯೋ ಸಿಕ್ಕಿದ್ದನ್ನು ಮನೆಮನೆಗೂ ಹಂಚಬೇಕು. ಕರಡಿ ಅವರಿಗೆ ಬೇಕಾದ ಪ್ರಾಣಿಯಲ್ಲ. ಆದರೆ ಊರಿಗೆ ಊರೇ ಗದ್ದಲ ಮಾಡಿಕೊಂಡು ಬಂದಾಗ ಎದ್ದು ಎದುರಾಗುವುದು ಅದೇ. ನಾನು ಬರುವ ಮುಂಚೆ ಎರಡು ವರ್ಷ ನಮ್ಮ ಇಲಾಖೆಯವರು ಪೊಲೀಸರನ್ನು ಕರೆಸಿ ಬೇಟೆ ನಿಲ್ಲಿಸಿದ್ದರು. ನಿಂತದ್ದು ಆ ಒಂದು ದಿನ. ಆಮೇಲೆ ಹದಿನೈದು ದಿನ ನಾಲ್ಕೈದು ಜನರ ಗುಂಪುಗಳು ಸದ್ದಿಲ್ಲದೆ ಹೋಗಿ ಹಂದಿಗೆ ಉರುಳು ಹಾಕಿದವು. ಬೈಕಿನ ಕ್ಲಚ್ ತಂತಿಯ ಉರುಳು. ಅದಕ್ಕೆ ಕರಡಿ ಸಿಕ್ಕಿಕೊಂಡು, ಮುಂಗಾಲಿನ ಪಂಜವನ್ನೇ ಕಡಿದುಕೊಂಡು ಹೋಗಿತ್ತು. ನಮ್ಮ ಕಾವಲುಗಾರ ಅದೇ ಊರಿನವನು, ಬಹಳ ವರ್ಷದ ದಿನಗೂಲಿ ನೌಕರ. ನಾನು ಸೇರಿದ ಮೊದಲ ವಾರವೇ ಆ ತಂತಿಯನ್ನೂ ಅದಕ್ಕೆ ಅಂಟಿದ್ದ ಕೂದಲನ್ನೂ ತಂದು ನನ್ನ ಮೇಜಿನ ಮೇಲಿಟ್ಟಿದ್ದ.

ತರಬೇತಿಯಲ್ಲಿ ಕೇಳಿದ ಒಂದು ಪಾಠ ನನ್ನ ತಲೆಯಲ್ಲಿ ಕೂತಿತ್ತು. ಕರಡಿ ಬೇಟೆಗೆ ಪರವಾನಗಿ ಕೊಡುವ ದೇಶಗಳಿವೆ. ಅಲ್ಲಿ ಎಷ್ಟು ಹೊಡೆಯಬಹುದು ಎನ್ನುವುದರಷ್ಟೇ, ಯಾವ ವಾರಗಳಲ್ಲಿ ಹೊಡೆಯಬಹುದು ಎನ್ನುವುದೂ ಮುಖ್ಯವಂತೆ. ತಾರೀಖು ಸ್ವಲ್ಪ ಹಿಂದೆ ಮುಂದೆ ಆದರೆ ಗಂಡು ಸಾಯುವ ಕಡೆ ಹೆಣ್ಣು ಸಾಯುತ್ತದೆ, ಅದರ ಜೊತೆ ಮರಿಗಳೂ ಹೋಗುತ್ತವೆ. ನಮ್ಮ ಕರಡಿ ಚಳಿಗಾಲದಲ್ಲಿ ಗವಿಯೊಳಗೆ ಈಯುತ್ತದೆ; ಎರಡು ಮೂರು ತಿಂಗಳಾದ ಮೇಲೆ ಮರಿಗಳನ್ನು ಬೆನ್ನ ಮೇಲೆ ಹೊತ್ತು ಹೊರಗೆ ಬರುತ್ತದೆ. ಯುಗಾದಿ ಮಾತ್ರ ಒಂದು ಕಡೆ ನಿಲ್ಲುವ ಹಬ್ಬವಲ್ಲ. ವರ್ಷ ವರ್ಷ ಹಿಂದಕ್ಕೆ ಸರಿಯುತ್ತ ಮಾರ್ಚ್ ಮೂರನೇ ವಾರಕ್ಕೆ ಬರುತ್ತದೆ, ಅಧಿಕ ಮಾಸ ಬಂದರೆ ಮತ್ತೆ ಏಪ್ರಿಲ್‌ಗೆ ಜಿಗಿಯುತ್ತದೆ. ಮಾರ್ಚ್‌ನಲ್ಲಿ ಬೇಟೆಯಾದರೆ ಆಗಷ್ಟೇ ಹೊರಬಂದ ಮರಿಗಳಿಗೆ ತಾಯಿಯ ಬೆನ್ನನ್ನು ಬಿಗಿಯಾಗಿ ಹಿಡಿಯುವ ಕಸುವಿರುವುದಿಲ್ಲ. ಏಪ್ರಿಲ್ ನಡುವಿಗಾದರೆ ಹಿಡಿದುಕೊಳ್ಳುತ್ತವೆ, ತಾಯಿ ಓಡಿ ಪಾರಾಗಬಹುದು. ಹಾಗಾದರೆ, ನಿಲ್ಲಿಸಲು ಆಗದ ಬೇಟೆಯನ್ನು ಒಂದೇ ದಿನಕ್ಕೆ ಕಟ್ಟಿಹಾಕಿ, ಆ ದಿನವನ್ನು ಪಂಚಾಂಗದಿಂದ ಬಿಡಿಸಿ ಕ್ಯಾಲೆಂಡರಿಗೆ ಸಿಕ್ಕಿಸಿದರೆ ಸರಿ. ಏಪ್ರಿಲ್‌ನ ಎರಡನೇ ಭಾನುವಾರ. ಇದನ್ನು ಯಾರನ್ನೂ ಕೇಳದೆ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ಕಂಡುಹಿಡಿದೆ. ಭಲೇ ಬುದ್ಧಿವಂತೆ ಎಂದು ನನಗೆ ನಾನೇ ಅಂದುಕೊಂಡೆ.

ಊರಿನ ಕಟ್ಟೆಯ ಮೇಲೆ ಮಾತುಕತೆಯಾಯಿತು. ಎದುರಿಗೆ ಬೇಟೆಯ ಯಜಮಾನರು ಕೂತಿದ್ದರು. ಅವರ ಮನೆತನದವರು ಹಲಗೆಗೆ ಮೊದಲ ಪೆಟ್ಟು ಕೊಟ್ಟರೇ ಬೇಟೆ ಶುರು. ಅರವತ್ತು ದಾಟಿದ ಸಣಕಲು ಮನುಷ್ಯ. ಮಾತಿಗಿಂತ ಬಾಯಲ್ಲಿ ಎಲೆಯಡಿಕೆಯೇ ಹೆಚ್ಚು.

“ನಾಯಿ ಬ್ಯಾಡ, ಬಲಿ ಒಡ್ಡೂದು ಬ್ಯಾಡ, ಉರುಳು ಬ್ಯಾಡ. ಬಂದೂಕಂತೂ ಕನಸಿನಾಗೂ ಬ್ಯಾಡ,” ಎಂದು ನಾನು ಶುರುಮಾಡಿದೆ. “ಹಲಗಿ ಬಡೀರಿ, ಕೋಲು ಹಿಡೀರಿ, ಒಂದು ದಿನ ಗುಡ್ಡ ಸುತ್ತಿ ಇಳೀರಿ. ಮರುದಿನ ಯಾರರ ಗುಡ್ಡದಾಗ ಕಂಡ್ರ ಕೇಸು.”

“ಅಂದ್ರ ಬರಿಗೈಲೆ ಹೋಗಿ ಬರಿಗೈಲೆ ಬರೂದು,” ಎಂದರು ಯಜಮಾನರು. “ಆಗ್ಲಿ ಬಿಡ್ರಿ, ಇದು ಸರ್ಕಾರದ ಬ್ಯಾಟಿ.”

ಎಲ್ಲರೂ ನಕ್ಕರು. ಆಮೇಲೆ ನಾನು ತಾರೀಖು ಹೇಳಿದೆ. ಯಜಮಾನರು ಎಲೆಯಡಿಕೆ ಉಗಿದು ಬಂದು ಕೂತರು.

“ಹಬ್ಬಕ್ಕ ನಾವು ಗುಡ್ಡ ನೋಡಿ ಹೇಳ್ತೀವ್ರಿ ಮೇಡಮ್ಮಾರ. ಹಿಂಗ ಮೊದಲ ಗೊತ್ತು ಮಾಡಾಂಗಿಲ್ಲ.”

“ಅದರಾಗ ಗುಡ್ಡ ನೋಡೂದೇನೈತ್ರಿ? ಕ್ಯಾಲೆಂಡರ್ ನೋಡ್ರಿ. ಹತ್ತನೇ ಕ್ಲಾಸಿನ ಪರೀಕ್ಷಿನೂ ಮುಗಿದಿರ್ತಾವ.”

“ಅದಲ್ರಿ, ಒಂದೊಂದು ವರ್ಷ…”

“ಒಂದೊಂದು ವರ್ಷ ಒಂದೊಂದು ಥರ ಆಗಬಾರದು ಅಂತನ ಈ ಕಾಗದ ಮಾಡೀನಿ ಯಜಮಾನ್ರ.”

ಅವರು ನನ್ನ ಮುಖ ನೋಡಿದರು, ಕಾಗದ ನೋಡಿದರು. ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡದ್ದು ನನಗೆ ಕಂಡಿತು. ಕಂಡರೂ ನಾನು ಕೇಳಲಿಲ್ಲ. ಸಹಿ ಮಾಡಿ ಪೆನ್ನು ವಾಪಸ್ ಕೊಡುತ್ತ, “ಸರ್ಕಾರಕ್ಕ ಮಾತು ಕೊಟ್ಟಂಗಾತು. ಇನ್ನ ತಪ್ಪಾಂಗಿಲ್ಲ,” ಎಂದರು.

ಮೊದಲ ವರ್ಷ ಎಲ್ಲ ಸುಸೂತ್ರ. ಮಾರ್ಚ್ ಕೊನೆಗೆ ಎರಡು ಒಳ್ಳೆಯ ಮಳೆ ಬಿದ್ದು ಗುಡ್ಡ ತಂಪಾಗಿತ್ತು. ಜನ ಹಲಗೆ ಬಡಿದರು, ಕೂಗಿದರು, ಒಂದು ಮೊಲ ಎದ್ದು ಎಲ್ಲರ ಕಾಲ ಸಂದಿಯಲ್ಲೇ ಪಾರಾಯಿತು, ಮಧ್ಯಾಹ್ನದ ಹೊತ್ತಿಗೆ ಮೂಡಣ ಬುಡಕ್ಕಿಳಿದು ಬೆಲ್ಲದ ಪಾನಕ ಕುಡಿದು ಮನೆಗೆ ಹೋದರು. ಒಂದು ಕರಡಿಯೂ ಹೊರಗೆ ಬರಲಿಲ್ಲ. ಆ ಬೇಸಗೆಯಲ್ಲಿ ನಮಗೆ ಒಂದು ಉರುಳೂ ಸಿಗಲಿಲ್ಲ. ನಮ್ಮ ವಲಯಾಧಿಕಾರಿ ಬೆನ್ನು ತಟ್ಟಿ, “ಇದನ್ನ ಬೇರೆ ಕಡೆಗೂ ಮಾಡಿಸೋಣ ಕಣಮ್ಮ,” ಎಂದರು. ಚಿಗಟೇರಿಯ ನನ್ನ ತವರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿಕೊಂಡೆ. ಹೆಮ್ಮೆಯಾಗಿತ್ತು, ಸುಳ್ಳೇಕೆ.

ಎರಡನೇ ವರ್ಷ ಮಾರ್ಚ್‌ನಲ್ಲಿ ಹನಿ ಮಳೆ ಬೀಳಲಿಲ್ಲ. ತಿಂಗಳ ಮೊದಲಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಒಂದು ತಾಯಿ ಸಿಕ್ಕಿತು. ಬೆನ್ನ ಮೇಲೆ ಎರಡು ಮರಿ; ಒಂದು ಮುಂದಕ್ಕೆ ಮುಖ ಮಾಡಿ ಕೂತಿದೆ, ಇನ್ನೊಂದು ಹಿಂದಕ್ಕೆ. ಕಾವಲುಗಾರನೂ ನಾನೂ ಅದರ ಹೆಜ್ಜೆ ಹಿಡಿದು ಹೋಗಿ ಗವಿ ಗುರುತಿಸಿದೆವು. ಪಡುವಣ ನೆತ್ತಿಯ ಹತ್ತಿರ. ಸಾಲು ಹಿಡಿದು ಜನ ಹೊರಡುವುದು ಆ ಗವಿಯ ಕೆಳಗಿನಿಂದ. ಅವರು ಮೂಡಣಕ್ಕೆ ನಡೆದಂತೆ ಗದ್ದಲ ಗವಿಯಿಂದ ದೂರವಾಗುತ್ತದೆ, ತಾಯಿ ಒಳಗೇ ಇರುತ್ತದೆ ಎಂದು ಲೆಕ್ಕ ಹಾಕಿದೆ. ನಕ್ಷೆಯಲ್ಲಿ ಗವಿಗೆ ಕೆಂಪು ಚುಕ್ಕೆ ಇಟ್ಟು, ಸಾಲು ಅಲ್ಲಿಂದ ನೂರು ಮಾರು ಕೆಳಗೆ ಶುರುವಾಗುವಂತೆ ಸುಣ್ಣದ ಗುರುತು ಹಾಕಿಸಿದೆ.

ಅಷ್ಟರಲ್ಲಿ ಕೊಟ್ಟೂರು ಕಡೆಯ ಗುಡ್ಡಕ್ಕೆ ಬೆಂಕಿ ಬಿತ್ತು. ನನ್ನನ್ನು ಹತ್ತು ದಿನ ಬೆಂಕಿ ಕಾವಲಿಗೆ ಹಾಕಿದರು. ಸೊಪ್ಪಿನಿಂದ ಬೆಂಕಿ ಬಡಿಯುತ್ತ, ಹೊಗೆ ಕುಡಿಯುತ್ತ ಇದ್ದಾಗ ಕಾವಲುಗಾರನ ಫೋನ್ ಬಂತು.

“ಮೂಡಣ ಬುಡದ ನೀರಿನ ತೊಟ್ಟಿ ಹಂತ್ಯಾಕ ತಾಯಿ ಹೆಜ್ಜಿ ಅದಾವ್ರಿ. ದಿನಾ ಅದಾವ.”

ಆ ಸಿಮೆಂಟ್ ತೊಟ್ಟಿಗೆ ಟ್ಯಾಂಕರ್‌ನಿಂದ ನೀರು ತುಂಬಿಸುವ ವ್ಯವಸ್ಥೆ ಮಾಡಿಸಿದ್ದವಳು ನಾನೇ. “ನೀರಿಗೆ ಇಳಿದು ಮ್ಯಾಲೆ ಹೋಗಿರ್ತೈತಿ ಬಿಡು,” ಎಂದೆ.

“ಮ್ಯಾಲೆ ಹೋದ ಹೆಜ್ಜಿ ಕಾಣವಲ್ಲವು.”

“ಕಲ್ಲಿನ ಮ್ಯಾಲೆ ಎಲ್ಲಿ ಕಾಣ್ತಾವ ಮಾರಾಯ, ನಾಳೆ ನೋಡೂಣು,” ಎಂದು ಫೋನಿಟ್ಟೆ. ನಾಳೆಯೂ ಬೆಂಕಿ ಇತ್ತು, ನಾಡಿದ್ದೂ ಇತ್ತು. ನಾನು ಗಸ್ತಿಗೆ ಮರಳಿದ್ದು ಶನಿವಾರ ಸಂಜೆ.

ಭಾನುವಾರ ಬೆಳಗ್ಗೆ ಯಜಮಾನರು ಹಲಗೆಗೆ ಮೊದಲ ಪೆಟ್ಟು ಕೊಡುವ ಮುಂಚೆ ನನ್ನ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತರು. ಅಪ್ಪಣೆ ಕೇಳುತ್ತಿದ್ದಾರೆ ಅಂದುಕೊಂಡು ನಾನು ತಲೆಯಾಡಿಸಿದೆ. ಸಾಲು ಹೊರಟಿತು. ನಾನು ನಡುವಿನಲ್ಲಿದ್ದೆ. ನಾಯಿ ಬೇಡವೆಂದು ಬರೆದಿದ್ದರೂ ನಾಲ್ಕು ನಾಯಿ ತಾವಾಗಿಯೇ ಹಿಂದೆ ಬಂದಿದ್ದವು. ಮುಳ್ಳು ಸವರಲು ಕೆಲವರ ಕೈಯಲ್ಲಿ ಕೊಡಲಿ ಇತ್ತು. ಕಾಗದದಲ್ಲಿ ಕೊಡಲಿ ಎಂದು ಬರೆಯುವುದನ್ನು ಮರೆತಿದ್ದೆ.

ಹನ್ನೊಂದರ ಹೊತ್ತಿಗೆ ಬಿಸಿಲು ಬಂಡೆಯಿಂದ ಮುಖಕ್ಕೆ ರಾಚುತ್ತಿತ್ತು. ಸಾಲಿನ ಎರಡೂ ತುದಿ ಒಳಗೆ ಬಾಗಿ ಮೂಡಣ ಬುಡದಲ್ಲಿ ಕೂಡುವುದು, ಅಲ್ಲಿ ಬೇಟೆ ಮುರಿಯುವುದು ರೂಢಿ. ಅಂದರೆ ಜನರೆಲ್ಲ ಕೊನೆಗೆ ಬಂದು ಸೇರುವುದು ತೊಟ್ಟಿಯ ಬಳಿ. ಯಜಮಾನರ ತಮ್ಮನ ಮಗ ಎಲ್ಲರಿಗಿಂತ ಮುಂದೆ ಹೋಗಿ ಮುಖ ತೊಳೆಯಲು ತೊಟ್ಟಿಗೆ ಬಗ್ಗಿದ. ಅದರ ಹಿಂದಿನ ಬಂಡೆಯ ನೆರಳಿಗೆ ನಾಯಿಗಳು ನುಗ್ಗಿದವು.

ಅದು ಹೊರಬಂದದ್ದನ್ನು ನಾನು ನೋಡಲಿಲ್ಲ, ಕೇಳಿದೆ. ನಾನು ಇಳಿದು ಹೋಗುವಷ್ಟರಲ್ಲಿ ಆ ಹುಡುಗನಂಥ ಗಂಡಸು ಅದರ ಕೆಳಗಿದ್ದ. ಜನ ಅವನನ್ನು ಬಿಡಿಸಲು ಕೋಲಿನಿಂದ ಹೊಡೆದರು, ಆಮೇಲೆ ಕೊಡಲಿಯಿಂದ. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಕೈಯಲ್ಲಿ ಕೊಡಲಿ ಇದ್ದಿದ್ದರೆ ನಾನೂ ಹೊಡೆಯುತ್ತಿದ್ದೆ. ಎಲ್ಲ ಮುಗಿಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಅವನ ನೆತ್ತಿಯ ಚರ್ಮ ಹಣೆಯವರೆಗೆ ಸುಲಿದಿತ್ತು. ಪಂಚೆ ಕಟ್ಟಿ ನಮ್ಮ ಜೀಪಿನಲ್ಲಿ ಕೂಡ್ಲಿಗಿಗೆ, ಅಲ್ಲಿಂದ ಬಳ್ಳಾರಿಗೆ ಸಾಗಿಸಿದರು. ಬದುಕಿದ. ಎಡಗಣ್ಣು ಹೋಯಿತು.

ತಾಯಿ ಮಗ್ಗುಲಾಗಿ ಬಿದ್ದಿತ್ತು. ಬೆನ್ನ ಮೇಲಿನ ಉದ್ದ ಕೂದಲಲ್ಲಿ ಒಂದು ಮರಿ ಇನ್ನೂ ಅಂಟಿಕೊಂಡಿತ್ತು. ನನ್ನ ಪಾಠ ಸರಿಯಾಗಿತ್ತು: ಏಪ್ರಿಲ್ ನಡುವಿಗೆ ಮರಿಗಳು ಚೆನ್ನಾಗಿ ಹಿಡಿದುಕೊಳ್ಳುತ್ತವೆ. ಎಷ್ಟು ಚೆನ್ನಾಗಿ ಎಂದರೆ ಉಗುರುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಒಂದು ಕೈ ಬಿಡಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲಿನದು ಮತ್ತೆ ಹೋಗಿ ಕೂದಲು ಹಿಡಿಯುತ್ತಿತ್ತು. ಕಾವಲುಗಾರ ಗೋಣಿಚೀಲ ಹಿಡಿದು ನಿಂತವನು, “ಎರಡು ಇರಬೇಕಲ್ರಿ,” ಎಂದ.

ಎರಡನೆಯದು ಇತ್ತು. ತಾಯಿ ನುಗ್ಗಿದಾಗ ಕೆಳಗೆ ಬಿದ್ದು, ಬಂಡೆಗಳ ನಡುವಿನ ಸಂದಿಯೊಂದಕ್ಕೆ ಇಳಿದುಹೋಗಿತ್ತು. ಜನರನ್ನೆಲ್ಲ ದೂರ ಕಳಿಸಿದ ಮೇಲೆ ಅದರ ದನಿ ಕೇಳಿತು. ಅಳುವಲ್ಲ, ಕೂಗುವುದೂ ಅಲ್ಲ. ಮೂಗಿನಲ್ಲಿ ಒಂದೇ ಸಮ ಎಳೆಯುವ ಸಣ್ಣ ದನಿ. ಸಂದಿಯ ಬಾಯಿ ನನ್ನ ತೋಳು ಹೋಗುವಷ್ಟು ಅಗಲ. ಭುಜದವರೆಗೆ ಕೈ ಹಾಕಿದೆ. ಬೆರಳಿಗೆ ತಣ್ಣನೆ ಕಲ್ಲು ಬಿಟ್ಟು ಬೇರೇನೂ ತಗುಲಲಿಲ್ಲ.

ಅಂದು ಸಂಜೆಯೇ ಪಶುವೈದ್ಯರು ಬಂದು ತಾಯಿಯ ಮರಣೋತ್ತರ ಪರೀಕ್ಷೆ ಮಾಡಿದರು. ಮೊಲೆಯಲ್ಲಿ ಹಾಲಿತ್ತು. ನಿಯಮದ ಪ್ರಕಾರ ಉಗುರು, ಪಿತ್ತಕೋಶ ಯಾವುದೂ ಯಾರ ಕೈಗೂ ಸಿಗದಂತೆ ಇಡೀ ದೇಹವನ್ನು ನಮ್ಮೆಲ್ಲರ ಎದುರು ಸುಡಬೇಕು. ಸುಡುವ ಮುಂಚೆ ಕೇಳಿಕೊಂಡು ಒಂದು ಹಿಡಿ ಕೂದಲು ಕತ್ತರಿಸಿದೆ. ಅದನ್ನು ಗೋಣಿಗೆ ಹೊಲಿದು, ಹಾಲಿನ ಬಟ್ಟಲಿನ ಜೊತೆ ಸಂದಿಯ ಬಾಯಲ್ಲಿಟ್ಟೆವು. ಬೆಳಗ್ಗೆ ನೋಡಿದರೆ ಹಾಲಿಗೆ ಇರುವೆ ಮುತ್ತಿತ್ತು. ಒಳಗಿನಿಂದ ದನಿ ಮಾತ್ರ ಬರುತ್ತಿತ್ತು.

ಎರಡನೇ ದಿನ ಯಜಮಾನರು ಬಂದರು. ಜೊತೆಗೆ ಕಲ್ಲು ಒಡೆಯುವ ಇಬ್ಬರನ್ನು ಕರೆತಂದಿದ್ದರು. “ಬಳ್ಳಾರಿಗೆ ಹೋಗಲಿಲ್ಲೇನ್ರಿ?” ಎಂದು ಕೇಳಿದೆ.

“ಅಲ್ಲಿ ಡಾಕ್ಟರ್ ಅದಾರ,” ಎಂದರು. “ಇಲ್ಲಿ ಯಾರದಾರ?”

ಕಲ್ಲಿನವರು ಉಳಿ ಇಟ್ಟು ಬಂಡೆಯ ಅಂಚನ್ನು ಒಂದು ಗೇಣು ಬಿಡಿಸಿದರು. ಅಷ್ಟಕ್ಕೇ ಮೇಲಿನ ಬಂಡೆ ಜರುಗುವ ಸದ್ದಾಯಿತು. ಇನ್ನೊಂದು ಪೆಟ್ಟು ಬಿದ್ದರೆ ಎಲ್ಲ ಒಳಕ್ಕೆ ಕುಸಿಯುತ್ತದೆ ಎಂದು ಕೈಬಿಟ್ಟರು. ಉಳಿದದ್ದು ಒಂದೇ ದಾರಿ. ಹೊರಗಿದ್ದ ಮರಿಯನ್ನು ಬೋನಿನಲ್ಲಿ ತಂದು ಸಂದಿಯ ಮುಂದಿಟ್ಟೆವು. ಅದು ದನಿ ಎಳೆಯಿತು. ಒಳಗಿನದು ಉತ್ತರ ಕೊಟ್ಟಿತು. ಆ ಮಧ್ಯಾಹ್ನವೆಲ್ಲ ಎರಡೂ ಮಾತಾಡಿಕೊಂಡವು. ಮೂರು ಗಂಟೆಯ ಹೊತ್ತಿಗೆ ಸಂದಿಯ ಕತ್ತಲಲ್ಲಿ ಬಿಳಿಚಿದ ಮೂತಿಯೊಂದು ಕಂಡಿತು. ನನಗೂ ಅದಕ್ಕೂ ಎರಡು ಮೊಳ ದೂರ. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಬೋನಿನೊಳಗಿನದು ದಣಿದು ಸುಮ್ಮನಾಯಿತು. ಮೂತಿ ಸ್ವಲ್ಪ ಹೊತ್ತು ಅಲ್ಲೇ ಇದ್ದು ಹಿಂದಕ್ಕೆ ಹೋಯಿತು.

ಸಂಜೆ ಪಶುವೈದ್ಯರು ಬೋನಿನ ಮರಿಯನ್ನು ಮುಟ್ಟಿ ನೋಡಿ, “ಇದು ಬಿಸಿಲಿಗೆ ಸೋತಿದೆ. ಬಾಟಲಿ ಹಾಲು ಹಿಡಿತಾ ಇಲ್ಲ. ಈಗಲೇ ಸಾಗಿಸಿದರೆ ಉಳಿಯಬಹುದು. ನಾಳೆಯೂ ಇಲ್ಲಿಟ್ಟರೆ ಎರಡೂ ಹೋಗಬಹುದು. ನೀವು ಹೇಳಿದ ಹಾಗೆ,” ಎಂದರು.

ಹೇಳಬೇಕಾದವಳು ನಾನು. ವಲಯಾಧಿಕಾರಿಗೆ ಫೋನ್ ಮಾಡಿದೆ. ಸ್ಥಳದಲ್ಲಿರುವವರು ನೀವೇ ತೀರ್ಮಾನಿಸಿ ಎಂದರು. ಯಜಮಾನರ ಕಡೆ ನೋಡಿದೆ, ಅವರು ನೆಲ ನೋಡುತ್ತಿದ್ದರು. “ಕರ್ಕೊಂಡು ಹೋಗ್ರಿ,” ಎಂದೆ. ಜೀಪು ಹೊರಟಾಗ ಅದರೊಳಗಿನ ಮರಿ ಎಚ್ಚರವಾಗಿ ದನಿ ಎಳೆಯಿತು. ಸಂದಿಯೊಳಗಿನದು ಕೂಡಲೇ ಬಾಯಿಯವರೆಗೆ ಬಂತು. ನಾನು ಧಾವಿಸಿ ಕೈ ಹಾಕಿದೆ, ಅದು ಬೆದರಿ ಒಳಗೆ ಹೋಯಿತು. ಜೀಪು ನಿಲ್ಲಿಸಿ ಎಂದು ನಾನು ಕೂಗಲಿಲ್ಲ. ಯಾಕೆ ಕೂಗಲಿಲ್ಲ ಎಂದು ಇವತ್ತಿನವರೆಗೂ ನನಗೆ ಗೊತ್ತಿಲ್ಲ. ಈಗ ಹಡಗಲಿ ಕಡೆ, ನದಿ ದಂಡೆಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಕರಡಿ ಇಲ್ಲ. ಆದರೂ ಊಟ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಮನೆಯ ಕುಕ್ಕರ್ ಸೀಟಿ ಹಾಕುವ ಮುಂಚೆ ಸಣ್ಣಗೆ ಉಸಿರೆಳೆಯುವಾಗ, ಆ ದನಿ ನನಗೆ ಕೇಳುತ್ತದೆ.

ಮೂರನೇ ದಿನ ಬೆಳಗ್ಗೆ ದನಿ ಕ್ಷೀಣವಾಗಿತ್ತು. ಮಧ್ಯಾಹ್ನ ಒಮ್ಮೆ ಬಂತು. ಆಮೇಲೆ ಬರಲಿಲ್ಲ. ನಾನು ಸಂದಿಗೆ ಬಾಯಿಟ್ಟು ಅದರ ಹಾಗೆಯೇ ಮೂಗಿನಲ್ಲಿ ದನಿ ಎಳೆದು ಕರೆದೆ, ಮತ್ತೆ ಮತ್ತೆ ಕರೆದೆ. ಸಮವಸ್ತ್ರ ಹಾಕಿದ ಹೆಂಗಸು ಹೊಟ್ಟೆಯ ಮೇಲೆ ಮಲಗಿ ಕರಡಿಯ ಹಾಗೆ ಕೂಗುವುದನ್ನು ನೋಡಿ ಯಾರೂ ನಗಲಿಲ್ಲ. ಕೊನೆಗೆ ಯಜಮಾನರು ನನ್ನ ಭುಜ ಮುಟ್ಟಿ, “ಇನ್ನ ಕರೀಬ್ಯಾಡವ್ವಾ,” ಎಂದರು. ಅಲ್ಲಿಯವರೆಗೆ ಮೇಡಮ್ಮಾರ ಎನ್ನುತ್ತಿದ್ದವರು.

ಅಲ್ಲೇ ಕೂತು, ಹಿಂದಿನ ವರ್ಷ ಕಟ್ಟೆಯ ಮೇಲೆ ನುಂಗಿಕೊಂಡ ಮಾತನ್ನು ಹೇಳಿದರು. ಗುಡ್ಡದ ನೆತ್ತಿಯಲ್ಲಿ ಒಂದು ದೊಣೆ ಇದೆ, ಬಂಡೆಯೊಳಗೆ ಮಳೆನೀರು ನಿಲ್ಲುವ ಗುಂಡಿ. ಬೇಟೆಯ ದಿನ ನಸುಕಿನಲ್ಲಿ ಯಜಮಾನ ಹೋಗಿ ಅದರೊಳಗೆ ಇಳಿದು ನಿಲ್ಲಬೇಕು. ನೀರು ಮೊಣಕಾಲು ಮುಟ್ಟಿದರೆ ಗುಡ್ಡದ ಬೇಟೆ. ಮುಟ್ಟದಿದ್ದರೆ ಗುಡ್ಡ ಬಿಟ್ಟು ಬಯಲಿನ ಸಣ್ಣ ದಿಬ್ಬಗಳಾದ ಮರಡಿಗಳಲ್ಲಿ ಸುತ್ತಿ ಬರಬೇಕು.

“ದೊಣಿ ಒಣಗಿದ್ರ ಗುಡ್ಡದ ಜೀವ ಎಲ್ಲಾ ಬುಡಕ್ಕ ಇಳದಿರ್ತಾವ. ಬ್ಯಾಟಿ ಮುರಿಯೂದೂ ಬುಡದಾಗ. ಅದಕ್ಕ ಹಿರೇರು ಬ್ಯಾಡ ಅಂದಿದ್ರು.”

“ಈ ವರ್ಷ ನೋಡಿದ್ರೇನ್ರಿ?”

“ನೋಡಿದ್ದೆ. ಪಾದ ಮುಳುಗೂವಷ್ಟೂ ಇರಲಿಲ್ಲ.”

“ಮತ್ಯಾಕ ಹೊಂಟ್ರಿ ಯಜಮಾನ್ರ?”

“ತಾರೀಖು ಕೊಟ್ಟಿದ್ಯಲ್ಲವ್ವಾ. ಸಹಿ ಮಾಡಿದ್ನಿ. ಭಾನುವಾರ ಹಲಗಿ ಬಡಿಯೋ ಮೊದಲ ನಿನ್ನ ಮಾರಿ ನೋಡಿದೆ. ನೀ ಹೂಂ ಅಂದಿ.”

ಅವರ ಹಿರಿಯರು ಗುಡ್ಡವನ್ನು ಕೇಳಿ ಗುಡ್ಡ ಹತ್ತುತ್ತಿದ್ದರು. ನಾನು ಮರಿಗಳ ವಯಸ್ಸು ಲೆಕ್ಕ ಹಾಕಿದೆನೇ ಹೊರತು, ನೀರು ಎಲ್ಲಿರುತ್ತದೆ ಎಂದು ಯೋಚಿಸಲಿಲ್ಲ. ನೀರು ಎಲ್ಲಿತ್ತೆಂದರೆ ನಾನು ತುಂಬಿಸಿದ ತೊಟ್ಟಿಯಲ್ಲಿತ್ತು.

ವರದಿ ಬರೆಯುವಾಗ ಮರಿಗಳ ಸಂಖ್ಯೆಯ ಕಾಲಮಿನಲ್ಲಿ ‘ಎರಡು’ ಎಂದು ಬರೆದೆ. ಎರಡನೆಯದರ ದೇಹ ಸಿಕ್ಕಿಲ್ಲ, ಕಾಣದ್ದನ್ನು ಬರೆಯಬೇಡಿ ಎಂದು ವಲಯಾಧಿಕಾರಿ ವಾಪಸ್ ಕಳಿಸಿದರು. ಮತ್ತೆ ಎರಡು ಎಂದೇ ಬರೆದೆ. ಕಾರಣದ ಕಾಲಮಿನಲ್ಲಿ, ದಿನ ಗೊತ್ತುಮಾಡಿದ್ದು ನಾನು, ಸ್ಥಳ ಪರಿಶೀಲಿಸದೆ ಗೊತ್ತುಮಾಡಿದೆ ಎಂದು ಸೇರಿಸಿದೆ. ಅವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು, “ಇದರಿಂದ ಯಾರಿಗೆ ಏನು ಉಪಯೋಗ ಹೇಳಮ್ಮ,” ಎಂದರು. ನಾನು ವರದಿಯನ್ನು ಹಾಗೆಯೇ ಅವರ ಮೇಜಿನ ಮೇಲಿಟ್ಟು ಬಂದೆ. ಕಾರಣ ಕೇಳಿ ನೋಟಿಸು ಬಂತು, ಬಡ್ತಿ ಹಿಂದೆ ಬಿತ್ತು, ಒಪ್ಪಿಗೆ ಪತ್ರ ರದ್ದಾಯಿತು. ಸಾಗಿಸಿದ ಮರಿ ಉಳಿಯಿತು ಎಂದು ಪಶುವೈದ್ಯರು ಹೇಳಿದರು. ನೋಡಲು ಕರೆದರು, ನಾನು ಹೋಗಲಿಲ್ಲ.

ಪತ್ರ ರದ್ದಾದ ಮೇಲೆ ಬೇಟೆ ಮತ್ತೆ ಹಬ್ಬದ ಮೂರನೇ ದಿನಕ್ಕೆ ಬಂತು. ಮುಂದಿನ ವರ್ಷ, ನಾನಿನ್ನೂ ಅದೇ ಗಸ್ತಿಯಲ್ಲಿದ್ದಾಗ, ಯುಗಾದಿ ಮಾರ್ಚ್‌ನಲ್ಲೇ ಬಿತ್ತು. ಬೇಟೆಯ ದಿನ ನಸುಕಿನಲ್ಲೇ ಯಜಮಾನರ ಮನೆಗೆ ಹೋದೆ. ಪೊಲೀಸರನ್ನು ಕರೆಸಿಲ್ಲ, ಕಾಗದ ತಂದಿಲ್ಲ, ದೊಣೆ ತೋರಿಸಿ ಎಂದು ಮಾತ್ರ ಕೇಳಿದೆ. ಒಣಗಿದ್ದರೆ ಗುಡ್ಡ ಉಳಿಯುತ್ತದೆ. ಒಣಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ವಾರದ ಹಿಂದೆ ಮಳೆಯಾಗಿತ್ತು. ಬೇಡಿಕೊಳ್ಳುವುದರಲ್ಲಿ ಅರ್ಥವಿಲ್ಲ ಎಂದು ನನಗೆ ತಿಳಿದೇ ಇತ್ತು.

ಕ್ಯಾಮೆರಾದಲ್ಲಿ ಆ ತಿಂಗಳೂ ಒಂದು ತಾಯಿ ಸಿಕ್ಕಿತ್ತು, ಬೆನ್ನ ಮೇಲೆ ಒಂದೇ ಮರಿ. ಅದನ್ನು ಯಜಮಾನರಿಗೆ ಹತ್ತುವಾಗ ಹೇಳಿದೆ.

ದೊಣೆಯ ನೀರಿನಲ್ಲಿ ಆಕಾಶ ಕಾಣುತ್ತಿತ್ತು. ಯಜಮಾನರು ಚಪ್ಪಲಿ ಬಿಟ್ಟು, ಧೋತರ ಎತ್ತಿಕೊಳ್ಳದೆ ಹಾಗೆಯೇ ಇಳಿದು ನಿಂತರು. ನೀರು ಮೊಣಕಾಲು ಮುಚ್ಚಿ ಮೇಲೆ ನಾಲ್ಕು ಬೆರಳು ಬಂತು. ಬಹಳ ಹೊತ್ತು ನಿಂತೇ ಇದ್ದರು. ಕೇಳುವ ಅಧಿಕಾರ ನನಗಿದೆ ಅನಿಸಲಿಲ್ಲ. ಆಮೇಲೆ ಹತ್ತಿ ಬಂದು ಚಪ್ಪಲಿ ಮೆಟ್ಟಿ, “ನಡಿ,” ಎಂದರು.

ಹತ್ತುವಾಗ ಪಡುವಣದಿಂದ ಹತ್ತಿದ್ದೆವು. ಇಳಿಯುವಾಗ ಅವರು ಮೂಡಣದ ದಾರಿ ಹಿಡಿದರು. ಸಂದಿಯ ಹತ್ತಿರ ಬಂದಾಗ ಇಬ್ಬರ ನಡಿಗೆಯೂ ನಿಧಾನವಾಯಿತು. ಅವರು ತಲೆ ಒಂದು ಕಡೆ ವಾಲಿಸಿ ಆಲಿಸಿದರು. ಹಾಗಾದರೆ ಅವರಿಗೂ ಆ ದನಿ ಕೇಳುತ್ತದೆ ಎಂದು ನನಗೆ ಆಗ ಗೊತ್ತಾಯಿತು.

ಕೆಳಗೆ ತೊಟ್ಟಿಯ ಬಳಿ ಊರಿನ ಇಪ್ಪತ್ತು ಮೂವತ್ತು ಗಂಡಸರು ಕಾಯುತ್ತಿದ್ದರು. ಒಂದು ಕಣ್ಣಿನ ತಮ್ಮನ ಮಗನೂ ಇದ್ದ, ಹಲಗೆ ಅವನ ಹೆಗಲಲ್ಲಿತ್ತು. ಯಜಮಾನರ ಅಪ್ಪ, ಅವರ ಅಪ್ಪ, ಎಲ್ಲರೂ ಇಳಿದು ಬಂದು ಜನರಿಗೆ ದೊಣೆಯ ಸುದ್ದಿ ಹೇಳಿದವರೇ. ಆ ಮನೆತನದವರು ದೊಣೆಯ ವಿಷಯದಲ್ಲಿ ಇದ್ದದ್ದನ್ನು ಇಲ್ಲ ಅಂದದ್ದಿಲ್ಲ.

“ಏನಂತೈತ್ರಿ ದೊಡ್ಡಪ್ಪಾ ದೊಣಿ?” ಎಂದು ತಮ್ಮನ ಮಗ ಕೇಳಿದ.

“ಒಣಗೈತಿ,” ಎಂದರು ಯಜಮಾನರು. “ಗುಡ್ಡ ಬ್ಯಾಡ. ಮರಡಿಗೆ ಹೋಗೂಣು.”

ಅವರ ಧೋತರ ಮೊಣಕಾಲಿನಿಂದ ಕೆಳಗೆ ಹಸಿಯಾಗಿ ಕಾಲಿಗೆ ಅಂಟಿತ್ತು. ಎಲ್ಲರೂ ನೋಡಿದರು. ತಮ್ಮನ ಮಗ ಒಂದು ಕಣ್ಣಿನಲ್ಲಿ ಬಹಳ ಹೊತ್ತು ನೋಡಿ, ಹೆಗಲಿನಿಂದ ಹಲಗೆ ಇಳಿಸಿ, ಮರಡಿಯ ದಾರಿಗೆ ತಿರುಗಿದ. ಉಳಿದವರು ಅವನ ಹಿಂದೆ ಹೋದರು.